ಚೌಡಕ್ಕನ ಜಾಗದಲ್ಲಿ ಕೂತವಳು

...ಅದಕ್ಕೇ ಅಂದಿದ್ದು, ಕೆಲ್ಸ ಇಲ್ದೆ ಕೂತಿರೋದು ಅಂದ್ರೆ ಏನು ಅಂತ ಮೊಮ್ಮಕ್ಳು ನಿಮ್ಗೆ ಗೊತ್ತಿಲ್ಲ ಕಣಮ್ಮ. ನಮ್ಮ ಬೆಳುಗುಪ್ಪದಾಗೆ ಮೊದ್ಲು ಕಡ್ಲೆಕಾಯಿ ಸುಲಿಯೋದು ಅಂದ್ರೆ ಹೆಂಗಸ್ರದೇ ಕೈ. ಸುಗ್ಗಿ ಆದ್ಮ್ಯಾಲೆ ಎರಡು ತಿಂಗ್ಳು, ಊಹುಂ, ಮೂರು ತಿಂಗ್ಳೇ ಅನ್ನು, ಕಲ್ಯಾಣದುರ್ಗದ ಸಾವ್ಕಾರ್ರು ಮೂಟೆ ಮೂಟೆ ಕಳ್ಸೋರು, ಜಗಲಿ ಮ್ಯಾಲೆ ಕೂತು ಸುಲಿದೂ ಸುಲಿದೂ ಹೆಬ್ಬೆಟ್ಟು ಒಡ್ದೋಗೋದು. ಆಮ್ಯಾಕೆ ಸುಲಿಯೋ ಮಿಷಿನ್ನು ಬಂದ್ಬುಡ್ತು ನೋಡು. ಒಂದೇ ವರ್ಸಕ್ಕೆ ನಾವಷ್ಟೂ ಜನ ಸುಮ್ಕೆ ಕೂತ್ಬುಟ್ವಿ. ಗಂಡ್ಸು ಸುಮ್ಕೆ ಕೂತ್ರೆ 'ಪಾಪ, ಕೆಲ್ಸ ಇಲ್ಲ' ಅಂತಾರೆ, ಹೆಂಗ್ಸು ಕೂತ್ರೆ 'ಮನೇಲವ್ಳೆ' ಅಂತಾರೆ, ಅಷ್ಟೇಯ. ಹೊಟ್ಟೆ ಮಾತ್ರ ಇಬ್ರಿಗೂ ಒಂದೇ ಕಣಪ್ಪ.

ಅಪ್ಪ ಇರ್ಲಿಲ್ಲ. ಅವ್ವ, ಇಬ್ರು ತಂಗೇರು, ದುಡಿಯೋಳು ನಾನೊಬ್ಳೇ. ಹಿಂದೂಪುರದಾಗೆ ಹುಣಸೇಹಣ್ಣಿನ ಮಂಡಿ ಅವೆ, ಹೆಂಗಸ್ರಿಗೆ ಬ್ಯಾಸ್ಗೆ ಪೂರ್ತಿ ಕೆಲ್ಸ ಅಂತ ಯಾರೋ ಅಂದ್ರು. ಅದೇ ಜಿಲ್ಲೆ, ಅದೇ ಬಿಸ್ಲು, ಅಲ್ಲಿ ಹೆಂಗಸ್ರಿಗೆ ಕೈ ಬಿಡುವಿಲ್ಲ, ನಮ್ಕಡೆ ಕೈಗೆ ಕೆಲ್ಸಿಲ್ಲ! ಒಂದಷ್ಟು ದೂರ ಗಾಡಿ, ಒಂದಷ್ಟು ದೂರ ರೈಲು, ಹೋದೆ. ಮೇಸ್ತ್ರಿ ಹನುಮಕ್ಕ ಅಂತ, ದೊಡ್ಡ ಗಂಟ್ಲು. "ಏ ಊರೇ ನೀದಿ? ಬೆಳುಗುಪ್ಪಾನಾ? ಜಾಗಾ ಲೇದು, ಪೋ ಪೋ!" ಅಂದ್ಲು ತೆಲುಗ್ನಾಗೆ, ಜಾಗ ಇಲ್ಲ ಹೋಗು ಅಂತ. ಅಲ್ಲಿ ಯಾರ್ ಬೇಕಾದ್ರೂ ಹೋಗಿ ಕೂರಂಗಿಲ್ಲ. ಒಬ್ಬೊಬ್ಳಿಗೆ ಒಂದೊಂದು ಬಡಿಯೋ ಕಲ್ಲು, ಅದು ಅವ್ಳ ಜಾಗ. ಬಾಣಂತನಕ್ಕೆ ಹೋದ್ರೆ ಇನ್ನೊಬ್ಳ ಕೈಗೆ ಹಣ್ಣು ಬಡಿಯೋ ಮರದ ಕೊಡತಿ ಕೊಟ್ಟು ಹೋಗೋಳು, ಬಂದ ದಿನ ಈಸ್ಕೊಂಡು ತಾನೇ ಕೂರೋಳು.

ಚೌಡಕ್ಕ ಅಂತ ಒಬ್ಳು, ತುಂಬಿದ ಬಸ್ರಿ. ನನ್ನ ಮಖ ನೋಡಿ, "ಬಾರೆ ಹುಡ್ಗಿ, ನಾನು ಬರೋಗಂಟ ಕೂತ್ಕ" ಅಂತ ಕೊಡತಿ ಕೊಟ್ಲು. ಓಡು ಬಡಿಯೋದು, ನಾರು ಎಳೆಯೋದು, ಬೀಜ ಬಿಡ್ಸೋದು ಎಲ್ಲಾ ಅವ್ಳೇ ಕಲ್ಸಿದ್ಲು. ಹುಳಿ ತಗುಲಿ ಬೆರಳು ಉರಿಯೋದಲ್ವಾ, ತನ್ನ ಹರಳೆಣ್ಣೆ ಕುಡಿಕೆ ನಂಗೇ ಬಿಟ್ಟು ಹೋದ್ಲು ಮಾರಾಯ್ತಿ.

ನಾನೇನ್ ಮಾಡ್ದೆ ಗೊತ್ತಾ? ಹೇಳಾಕೆ ಈಗ್ಲೂ ನಾಚ್ಕೆ ಆಯ್ತದೆ. ನನ್ನ ಕೂಲಿ ಕಳ್ಸಿದ್ಮ್ಯಾಲೆ ಊರಾಗೆ ತಂಗೇರು ಗಂಜಿ ಕುಡಿಯಾಕೆ ಶುರು ಮಾಡಿದ್ರು, ಅದೊಂದೇ ತಲೇಲಿ. ದಿನಾ ಕೊಡತಿ ಎತ್ತುವಾಗ, "ದೇವ್ರೇ, ಚೌಡಕ್ಕ ಇನ್ನೊಂದಷ್ಟು ದಿನ ಬರ್ದೇ ಇರ್ಲಿ" ಅಂತಿದ್ದೆ. ಸಾಯ್ಲಿ ಅಂತ ಅನ್ನಲಿಲ್ಲ ಕಣಮ್ಮ, ಬರ್ದೇ ಇರ್ಲಿ ಅಂದೆ, ಅಷ್ಟೇ. ಚೌಡಕ್ಕ ಹೆರಿಗೇಲಿ ಹೋಗ್ಬುಟ್ಲು.

ಹನ್ನೊಂದನೇ ದಿನ ಕಳೆದು ಅವ್ಳ ಅತ್ತೆ ಬಂದ್ಲು, ಹಣ್ಣು ಮುದ್ಕಿ, ಸೆರಗ್ನಾಗೆ ಕೂಸು. "ನನ್ ಸೊಸೆ ಜಾಗ ಕಣವ್ವ, ಬಿಟ್ಕೊಡು, ನಾನೇ ಕೂತು ಬಡೀತೀನಿ, ಈ ಕೂಸಿಗೆ ಯಾರವ್ರೆ?" ಅಂದ್ಲು. ಹನುಮಕ್ಕನ ದೊಡ್ಡ ಗಂಟ್ಲೂ ಇಳೀತು. "ನುವ್ವೇ ಚೆಪ್ಪಮ್ಮ," ಅಂದ್ಲು ನಂಗೆ, ನೀನೇ ಹೇಳಮ್ಮ ಅಂತ. ನಾನು ತಲೆ ಎತ್ಲಿಲ್ಲ. ಹಣ್ಣು ಬಡೀತಾನೇ ಇದ್ದೆ, ಬಡೀತಾನೇ ಇದ್ದೆ. ಮುದ್ಕಿ ಒಂದಷ್ಟೊತ್ತು ನಿಂತಿದ್ದು ಹೊಂಟೋದ್ಲು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆ ಕೂಸು ಹೆಣ್ಣೋ ಗಂಡೋ, ಉಳೀತೋ ಇಲ್ವೋ, ನಂಗೆ ಗೊತ್ತಿಲ್ಲ, ಕೇಳಾಕೆ ಧೈರ್ಯ ಬರ್ಲಿಲ್ಲ.

ನನ್ನ ತಂಗೇರು, ನಿಮ್ ಚಿಕ್ಕಜ್ಜೀರು ಇಬ್ರೂ ಬದುಕಿದ್ದು ಆ ಕೂಲಿಯಿಂದ್ಲೇ, ಅದೂ ಸುಳ್ಳಲ್ಲ. ಆದ್ರೂ ಹೇಳ್ತೀನಿ ಕೇಳ್ರಿ, ಉಂಡ ಅನ್ನ ಮರ್ತೋಯ್ತದೆ, ಇನ್ನೊಬ್ರ ಬಾಯಿಂದ ಕಿತ್ಕೊಂಡ ತುತ್ತು ಸಾಯೋಗಂಟ ಗಂಟ್ಲಾಗೇ ಇರ್ತದೆ.