ಹಿಂದಿನ ಬೆಂಚಿಗೆ ಹೋದ ಚೀಟಿ

ಸ್ಕ್ಯಾನಿಂಗ್ ಕೋಣೆಯ ಹೊರಗೆ ತಂಗಿಗಾಗಿ ಕಾದು ಕೂತಿದ್ದ ದರ್ಜಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡನ ಬೋಳುತಲೆಯಲ್ಲಿ ಹೊಲಿಗೆಯ ಗುರುತು ಇನ್ನೂ ಮಾಸಿರಲಿಲ್ಲ.

“ಗಡ್ಡೆ ತೆಗೆದಾಯ್ತು ಅಂದಿದ್ರಲ್ರೀ. ಮತ್ತೆ ಹೇಗೆ ಬೆಳೀತು? ಔಷಧಿನೂ ನಾಟ್ತಿಲ್ವಲ್ಲ?”

“ಡಾಕ್ಟರು ಹೇಳಿದ್ರಲ್ಲೇ. ಗಡ್ಡೆಯ ಜೀವಕೋಶಗಳು ಕಣ್ಣಿಗೆ ಕಾಣದಂಥ ಪುಟ್ಟ ಚೀಲಗಳನ್ನ ಅಕ್ಕಪಕ್ಕದವಕ್ಕೆ ಕಳಿಸ್ತವಂತೆ. ಔಷಧಿ ತಡ್ಕೊಳ್ಳೋ ಉಪಾಯ ಅದರೊಳಗೇ ಇರತ್ತಂತೆ.”

“ನನ್ನ ತಲೆಗೇನೂ ಹೋಗ್ಲಿಲ್ಲ.”

“ಪರೀಕ್ಷೆ ಹಾಲಲ್ಲಿ ಚೀಟಿ ದಾಟಿಸಲ್ವಾ, ಹಾಗೆ. ಒಬ್ಬನಿಗೆ ಉತ್ತರ ಗೊತ್ತಾದ್ರೆ ಸಾಕು.”

“ಚೀಟಿ ಹಿಡಿಯೋದ್ರಲ್ಲಿ ನೀವು ಎತ್ತಿದ ಕೈ ಅಲ್ವಾ, ಮೇಷ್ಟ್ರೇ?” ಅವಳು ನಗಿಸಲು ನೋಡಿದಳು.

“ಒಬ್ಬನ್ನ ಹಿಡಿದು ಹೊರಗೆ ಕಳಿಸಿ, ಪರೀಕ್ಷೆ ಹಾಲ್ ಶುದ್ಧವಾಯ್ತು ಅಂತ ಬೀಗ್ತಿದ್ದೆ ಕಣೇ. ಅಷ್ಟೊತ್ತಿಗೆ ಅವನ ಚೀಟಿ ಹಿಂದಿನ ಬೆಂಚು ಸೇರಿರ್ತಿತ್ತು.”

“ಆ ಚೀಟಿ ತಡೆಯೋಕೆ ಔಷಧಿ ಇಲ್ವಾ?”

“ಹುಡುಕ್ತಾ ಇದಾರಂತೆ.”

“ಸಿಗೋ ತನಕ?”

ನರ್ಸ್ ಕರೆದಳು. ಹೆಂಡತಿಯ ಭುಜ ಹಿಡಿದು, ಎಡಗಾಲು ಎಳೆಯುತ್ತ ಹೊರಟ ಮೇಷ್ಟ್ರು ಬಾಗಿಲಲ್ಲಿ ನಿಂತು, ಪರೀಕ್ಷೆ ಹಾಲಿನ ದನಿಯಲ್ಲೇ ಹೇಳಿದರು:

“ಇನ್ನು ಹತ್ತೇ ನಿಮಿಷ. ಉತ್ತರಪತ್ರಿಕೆಗೆ ದಾರ ಕಟ್ಕೊಳ್ಳಿ.”

ದರ್ಜಿಗೆ ನಗು ಬಂತು. ಮೇಷ್ಟ್ರ ಹೆಂಡತಿಯ ಮುಖ ನೋಡಿ ನುಂಗಿಕೊಂಡ.

“ನಂದಿನ್ನೂ ಮುಗಿದಿಲ್ಲ, ಮೇಷ್ಟ್ರೇ,” ಎಂದಳು ಅವಳು. “ಇನ್ನೊಂದು ಹಾಳೆ ಕೊಡಿ.”

ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.