ಕಿಟಕಿ ಪಕ್ಕದ ಟೇಬಲ್ಲು

ವಿಶ್ವವಿದ್ಯಾಲಯದ ಗೇಟಿನೆದುರು ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಬ್ಬರು ಮೇಡಂ, ಒಬ್ಬರು ಮೇಷ್ಟ್ರು. ಇಬ್ಬರಿಗೂ ತಲೆ ನರೆತಿತ್ತು. ಬೇರೆಯವರ ಮಾತಿಗೆ ಕಿವಿ ಕೊಡಬಾರದು, ಆದರೆ ಬಸ್ಸಿನ ಸುಳಿವಿರಲಿಲ್ಲ. ಮಾತು ತೆಗೆದವರು ಮೇಡಂ.

“ಸಂಬಳ ಸಮ ಇದೆಯಾ ಅಂತ ನೋಡೋಕೆ ಹೊಸ ಸಾಫ್ಟ್‌ವೇರ್ ತಂದಿದ್ದಾರಲ್ಲ, ಅದು ನನಗೊಂದು ಜೋಡಿ ಹುಡುಕಿದೆ.”

“ಈ ವಯಸ್ಸಲ್ಲಾ?”

“ಒಂದೇ ಕೆಲಸ, ಒಂದೇ ಅನುಭವ ಇರೋರನ್ನ ಪಕ್ಕಪಕ್ಕ ಇಟ್ಟು ನೋಡುತ್ತಂತೆ. ನನ್ನ ಪಕ್ಕ ನಿಮ್ಮನ್ನ ಇಟ್ಟಿದೆ.”

“ನಾವು ಮೊದಲಿಂದ ಪಕ್ಕಪಕ್ಕಾನೇ ಇದ್ವಲ್ಲ, ಹಳೇ ಸಸ್ಯಶಾಸ್ತ್ರ ಲ್ಯಾಬಲ್ಲಿ.”

“ಕನ್ನಡಿ ಇರೋ ಮೈಕ್ರೋಸ್ಕೋಪು. ಮೋಡ ಕವಿದ್ರೆ ಕೆಲಸ ಬಂದ್.”

“ಆಮೇಲೆ ಹರಟೆಯೋ ಹರಟೆ.”

“ಬೆಳಕು ಬೀಳ್ತಿದ್ದಿದ್ದು ಕಿಟಕಿ ಪಕ್ಕದ ಟೇಬಲ್ಲಿಗೆ ಮಾತ್ರ. ಅದನ್ನ ನನಗೇ ಬಿಟ್ಕೊಟ್ರಿ. ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂದ್ರಿ.”

ಮೇಷ್ಟ್ರು ರಸ್ತೆಯ ಕಡೆ ನೋಡಿದರು.

“ನಿಮ್ಮ ಸಂಬಳ ಶುರುವಿನಿಂದಲೂ ನನಗಿಂತ ಜಾಸ್ತಿಯಂತೆ. ನಿಮಗೆ ಗೊತ್ತಿತ್ತಾ?”

“ಸೇರಿದ ವರ್ಷವೇ ಗೊತ್ತಾಯ್ತು.”

“ಒಂದು ಮಾತು ಹೇಳಲಿಲ್ಲ.”

“ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಟೇಬಲ್ಲು ಕೊಟ್ಟೆ.”

“ನಾನು ಬೇರೆ ಏನೋ ಅಂದ್ಕೊಂಡಿದ್ದೆ.”

ಬಸ್ಸು ಬಂತು. ಮೇಷ್ಟ್ರು ಸರಿದು ದಾರಿ ಬಿಟ್ಟರು.

“ಹತ್ತಿ. ಕಿಟಕಿ ಪಕ್ಕ ಸೀಟು ಖಾಲಿ ಇದೆ.”

“ಇವತ್ತು ನೀವೇ ಕೂತ್ಕೊಳ್ಳಿ,” ಎಂದರು ಮೇಡಂ, ಮೆಟ್ಟಿಲ ಮೇಲೆ ಕಾಲಿಡುತ್ತ. “ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ ಅಂತ ನನಗೂ ಆವಾಗಲೇ ಗೊತ್ತಿತ್ತು.”