ಆರಾಮಾ?

ಅವತ್ತು ನನ್ನ ಸೋದರತ್ತೆ ಮಗ ಲ್ಯಾಬಿನಿಂದ ಮನೆಗೆ ಹೊರಟಾಗ ಸರಿರಾತ್ರಿ ದಾಟಿತ್ತು. ಹಳೇ ಬಾವಿಯ ಪಕ್ಕದ ದಾರಿ. ತಲೆ ಎಷ್ಟು ಕೆಟ್ಟಿತ್ತೆಂದರೆ, ದೆವ್ವಕ್ಕೆ ಹೆದರುವ ವ್ಯವಧಾನವೂ ಅವನಿಗಿರಲಿಲ್ಲ.

ಅವನದು ರಕ್ತನಾಳದ ಕೆಲಸ. ನಾಳದ ಗೋಡೆ ಎಷ್ಟು ಒತ್ತಡಕ್ಕೆ ಹರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾದರಿ ಮಾಡಿ ನೋಡುವುದು. ಯಾರೋ ಅಜ್ಜ ಸತ್ತಮೇಲೆ ದಾನವಾಗಿ ಬಂದ ನಾಳ. ಅರ್ಧವನ್ನು ಯಂತ್ರಕ್ಕೆ ಹಾಕಿ ಹರಿದು ನೋಡಿದ್ದರು. ಉಳಿದರ್ಧ ಫ್ರಿಜ್ಜಿನಲ್ಲಿ, ಉಪ್ಪುನೀರಿನ ಡಬ್ಬಿಯೊಳಗಿತ್ತು. ಯಂತ್ರದಲ್ಲಿ ಬೇಗ ಹರಿದ ನಾಳ ಕಂಪ್ಯೂಟರಿನಲ್ಲಿ ಮಾತ್ರ ಜಪ್ಪಯ್ಯ ಅಂದರೂ ಹರಿಯದು. ತಿಂಗಳಿಂದ ಇದೇ ಗೋಳು. ಬೆಳಗಾದರೆ ಡಾಕ್ಟರು ಒಬ್ಬ ಹೆಂಗಸಿನ ನಾಳದೊಳಗೆ ಬಲೂನು ಊದಿ ಅಡ್ಡಿ ಬಿಡಿಸುವವರಿದ್ದರು. ಎಷ್ಟು ಊದಬಹುದು ಅಂತ ಇವನೇ ಹೇಳಬೇಕು, ಮಾದರಿ ನೋಡಿ ಸದ್ಯಕ್ಕೆ ಒಂದು ಅಂಕಿ ಕೊಟ್ಟೂ ಇದ್ದ. ಹೆಚ್ಚಾದರೆ ಅವಳ ಜೀವಕ್ಕೇ ಅಪಾಯ.

ಮಾದರಿಗೆ ಮೊದಲು ಎಳೆತವಿಲ್ಲದ ನಾಳದ ಉದ್ದ ಕೊಡಬೇಕು. ಲ್ಯಾಬಿನವರು ಅದಕ್ಕೆ 'ಆರಾಮ' ಅಂತ ಹೆಸರಿಟ್ಟಿದ್ದರು. ಮೈಯೊಳಗೆ ನಾಳ ಸದಾ ಬಿಗಿದೇ ಇರುತ್ತದೆ, ಕತ್ತರಿಸಿದರೆ ಕುಗ್ಗುತ್ತದೆ. ಈ ನಾಳ ಮಾತ್ರ ಕುಗ್ಗಿರಲಿಲ್ಲ. ಮೊಂಡು ಅಂತ ಬೈದು, ಇದ್ದ ಉದ್ದವನ್ನೇ ಇವನು 'ಆರಾಮ' ಅಂತ ತುಂಬಿದ್ದ.

ಬಾವಿ ಹತ್ತಿರ ಬಂತು... ಕಿರ್ರ್... ಕಿರ್ರ್... ಬಿಗಿದ ಹಗ್ಗದ ಸದ್ದು. ಯಾರೋ ಮುದುಕರು ಹಗ್ಗ ಹಿಡಿದು ನಿಂತಿದ್ದರು. ಎಳೆಯುವುದೂ ಇಲ್ಲ, ಬಿಡುವುದೂ ಇಲ್ಲ.

ಇವನು ಬಾಯಿಮಾತಿಗೆ ಕೇಳಿದ. "ಆರಾಮಾ, ಅಜ್ಜ?"

"ಎಲ್ಲಿ ಆರಾಮ..." ಪಿಸುದನಿ. "ಬದುಕಿದ್ದಾಗ್ಲೂ ಎರಡೂ ಕಡೆ ಎಳೆತ. ಕತ್ತರಿಸಿದ್ಮೇಲೂ... ಬಿಗಿ ಹಿಡ್ಕೊಂಡೇ ಇದೀನಿ. ಆರಾಮ ಅಂತ ನೀನೇ ಬರ್ಕೊಂಡ್ಬಿಟ್ಟೆ. ಒಂದ್ಮಾತು ಕೇಳ್ಬಾರ್ದಿತ್ತಾ?"

ಇವನು ಗಕ್ಕನೆ ತಿರುಗಿದ. ಓಡಿದ... ಮನೆಗಲ್ಲ, ಲ್ಯಾಬಿಗೆ. ಬೇರೆ ನಾಳಗಳು ಕುಗ್ಗುವಷ್ಟನ್ನು ಕಳೆದು 'ಆರಾಮ' ಬದಲಿಸಿದ. ಮಾದರಿಯ ನಾಳವನ್ನು ಮೈಯಲ್ಲಿದ್ದಷ್ಟು ಉದ್ದಕ್ಕೆ ಎಳೆದು, ಆಮೇಲೆ ಒತ್ತಡ ಹಾಕಿದ. ಹರಿಯಿತು. ಯಂತ್ರದಲ್ಲಿ ಹರಿದಷ್ಟೇ ಒತ್ತಡಕ್ಕೆ. ಡಾಕ್ಟರಿಗೆ ಫೋನು ಹೋಯಿತು, ಬಲೂನಿನ ಒತ್ತಡ ಇಳಿಸಿದರು. ಆ ಹೆಂಗಸು ಆಮೇಲೆ ನಡೆದುಕೊಂಡೇ ಮನೆಗೆ ಹೋದಳು.

"ಇದನ್ನ ಒಂದು ತಿಂಗಳ ಹಿಂದೆ ಹೇಳೋಕೆ ಏನಾಗಿತ್ತು ಆ ಪುಣ್ಯಾತ್ಮನಿಗೆ?" ಅಂತ ಇವನಿಗೆ ಇನ್ನೂ ಸಿಟ್ಟು.

ನಿದ್ದೆಗೆಟ್ಟು ಏನೋ ಕಂಡಿದ್ದಾನೆ ಅನ್ನುತ್ತೀರಿ, ಗೊತ್ತು. ಎಲ್ಲರೂ ಅದನ್ನೇ ಅನ್ನುತ್ತಾರೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೆ ಬೆಳಗ್ಗೆ ಇವನಿಗೆ ತಿಂಡಿ ಕೊಡಲು ಲ್ಯಾಬಿಗೆ ಹೋದವನು ನಾನು. ಫ್ರಿಜ್ಜು ತೆಗೆದಾಗ ಪಕ್ಕದಲ್ಲೇ ಇದ್ದೆ. ಡಬ್ಬಿಗೆ ಸುತ್ತಿದ ಟೇಪು ಸುತ್ತಿದ ಹಾಗೇ ಇತ್ತು. ಬಿಚ್ಚಿದೆವು. ಅಳತೆಪಟ್ಟಿ ಹಿಡಿದವನೂ ನಾನೇ.

ನಾಳ ಕುಗ್ಗಿತ್ತು.